ಬೀದಿ ಪರದೆಯ ಕೊನೇ ಮನೆ

ತಿರುಪ್ಪೂರು
12-3-1936, ಗುರುವಾರ

ತಂಗಿ ಬೆಳ್ಳಿಯಮ್ಮನಿಗೆ ಅಣ್ಣ ಆರುಮುಗಂ ಮಾಡುವ ಆಶೀರ್ವಾದ. ಅಮ್ಮನ ಪಾದಕ್ಕೆ ನನ್ನ ನಮಸ್ಕಾರ ಹೇಳು, ಮಯಿಲ್‌ಸಾಮಿ ಭಾವನವರಿಗೂ ಹೇಳು.

ನಿನ್ನ ಎರಡು ಕಾಗದವೂ ಕುನ್ನತ್ತೂರಿಂದ ಸರಿಯಾಗೇ ಬಂದವು. ಉತ್ತರ ಬರೆಯದ್ದಕ್ಕೆ ಬೈಯಬೇಡ. ಮೊದಲನೇದಕ್ಕೆ ಬರೆಯೋಣ ಅಂತ ಕೂತರೆ ಮಸಿ ಒಣಗಿತ್ತು. ಎರಡನೇದಕ್ಕೆ ಮಸಿ ಇತ್ತು, ಏನು ಬರೆಯೋದು ಅಂತ ತೋಚಲಿಲ್ಲ. ಮಗೂಗೆ ಕೆಮ್ಮು ಹೇಗಿದೆ? ಎದೆಗೆ ಬಿಸಿ ಎಣ್ಣೆ ಹಚ್ಚು, ತುಂಬಾ ಬಿಸಿ ಬೇಡ, ಚರ್ಮ ಸುಟ್ಟೀತು. ಬಾವಿ ಹತ್ತಿರ ಒಂಟಿಯಾಗಿ ಬಿಡಬೇಡ. ನೀನು ಒಂದು ಮಾತು ಬರೆಯೋದು ಬಿಟ್ಟರೂ ನಾನು ಇಲ್ಲದ್ದೆಲ್ಲ ಯೋಚನೆ ಮಾಡ್ತೀನಿ, ನಿನಗೇ ಗೊತ್ತಲ್ಲ.

ನಾಟಕದ ಪರದೆ ಮೇಲೆ ಅಣ್ಣ ಬರೆದ ನಮ್ಮೂರನ್ನ ನೋಡಲೇಬೇಕು ಅಂತ ಅಮ್ಮ ಹಟ ಹಿಡಿದಿದ್ದಾಳೆ, ಅಮಾವಾಸ್ಯೆ ಕಳೆದ ಮೇಲೆ ಗಾಡಿ ಕಟ್ಟಿಸಿಕೊಂಡು ಬರ್ತೀವಿ ಅಂತ ಬರೆದಿದ್ದೀಯ. ಬೇಡ ತಂಗಿ. ದಾರಿ ದೂರ, ಬಿಸಿಲು ಈಗಲೇ ಸುಡ್ತಾ ಇದೆ. ಡೇರೆಯಲ್ಲಿ ಜನ ನೂಕಾಡ್ತಾರೆ. ಅಮ್ಮನ ಕಣ್ಣಿಗೆ ಗ್ಯಾಸ್ ಲೈಟು ಆಗಲ್ಲ. ಹೇಗಾದರೂ ಸಮಾಧಾನ ಹೇಳಿ ನಿಲ್ಲಿಸು.

ಇಷ್ಟೆಲ್ಲ ಆಗಲಿ ಅಂತ ನಾನು ಬರೆದದ್ದಲ್ಲ. ನಮ್ಮೂರು ಮೆಟ್ಟೂರು ಅಣೆಕಟ್ಟಿನ ನೀರಲ್ಲಿ ಮುಳುಗಿದ ಮೇಲೆ ನಾನು ಇಲ್ಲಿ ಹತ್ತಿ ಮೂಟೆ ಹೊರ್ತಿದ್ದದ್ದು, ಗೋಡೆಗೆ ಇದ್ದಿಲಲ್ಲಿ ಗೀಚಿದ್ದನ್ನ ನೋಡಿ ನಾಟಕ ಕಂಪೆನಿಯ ಮಾಲೀಕರು ಗೋವಿಂದಸಾಮಿ ಮುದಲಾಳಿ ಕರೆದದ್ದು ನಿನಗೆ ಗೊತ್ತು. ಪೊಂಗಲ್ ಆದ ಮೇಲೆ ಅವರು, "ಬೀದಿ ಪರದೆ ಹರಿದು ಹೋಗಿದೆ, ಹೊಸದು ಬರಿಯಯ್ಯಾ. ಯಾವ ಊರೂ ಆಗಬಾರದು, ಎಲ್ಲಾ ಊರೂ ಆಗಬೇಕು. ಅಯೋಧ್ಯೆಗೂ ಅದೇ, ಮಧುರೆಗೂ ಅದೇ" ಅಂದರು. ಸರಿ ಅಂದೆ. ಬಟ್ಟೇನ ನೆಲಕ್ಕೆ ಹಾಸಿ, ಅಂಟು ಕಾಯಿಸಿ ಬಣ್ಣದ ಪುಡಿ ಕಲಸಿ, ಅದರ ಮೇಲೇ ಕೂತು ಬರೆದೆ. ಹಾಗೆ ಕೂತು ಬರೆಯೋವಾಗ ಕೈ ಕೆಳಗಿನ ಒಂದು ಮೊಳ ಮಾತ್ರ ಕಾಣೋದು. ಹಗ್ಗ ಎಳೆದು ಮೇಲಕ್ಕೆತ್ತಿದಾಗಲೇ ನನಗೂ ಗೊತ್ತಾದದ್ದು, ಅದು ನಮ್ಮ ಬೀದಿ.

ಮೊದಲನೇ ಆಟದಲ್ಲಿ ರಾಮನ ವೇಷದವನು ಬೀದಿಯಲ್ಲಿ ನಿಂತು ಹಾಡ್ತಾ ಇದ್ದಾಗ ನಮ್ಮೂರ ಅಂಗಪ್ಪನ್ ಚಾಪೆಯಿಂದ ಎದ್ದು, "ಲೇ ರಾಮಾ, ಸ್ವಲ್ಪ ಜರುಗೋ! ನನ್ನ ಬಾಗಿಲಿಗೆ ಅಡ್ಡ ನಿಂತಿದ್ದೀಯ!" ಅಂತ ಕೂಗಿದ. ತಮಿಳಿನವರು ಕುಡಿದಿದ್ದಾನೆ ಅಂದುಕೊಂಡರು. ನನ್ನ ಹಾಗೇ ಇಲ್ಲಿಗೆ ಬಂದು ಮಿಲ್ಲು ಸೇರಿದ ನಮ್ಮೂರವರು ಹತ್ತು ಹನ್ನೆರಡು ಜನ ಇದ್ದರು, ಅವರು ಅತ್ತರು.

ಮಾರನೇ ದಿನದಿಂದ ಮಿಲ್ಲು ಬಿಟ್ಟ ಕೂಡಲೇ ಬರೋದಕ್ಕೆ ಸುರು ಮಾಡಿದರು. ಅಂಗಪ್ಪನಿಗೂ ಅವನ ದಾಯಾದಿ ಕುಪ್ಪುಸಾಮಿಗೂ ಓಣಿ ಗೋಡೆ ಜಗಳ ಇತ್ತಲ್ಲ, ಅದು ಪರದೆ ಮುಂದೆ ಮತ್ತೆ ಹತ್ತಿಕೊಂಡಿತು.

"ಗೋಡೇನ ಒಂದು ಮೊಳ ಈಚೆಗೆ ಬರೆದಿದ್ದೀಯ, ಇವನ ಮನೇಲಿ ಉಂಡು ಬಂದ್ಯೇನೋ?" ಅಂತ ಅಂಗಪ್ಪನ್ ನನ್ನನ್ನ ಕೇಳಿದ.

"ಅದು ಇದ್ದದ್ದೇ ಅಲ್ಲಿ. ನಿಮ್ಮಪ್ಪ ಕದ್ದ ಜಾಗವನ್ನ ಆರುಮುಗಂ ವಾಪಸ್ಸು ಕೊಟ್ಟಿದ್ದಾನೆ" ಅಂದ ಕುಪ್ಪುಸಾಮಿ.

"ಹಂಗಾದ್ರೆ ನೀರೊಳಗೆ ಮುಳುಗಿ ಅಳೆದುಕೊಂಡು ಬಾ, ನಡಿ!"

ಎಲ್ಲರೂ ನಕ್ಕರು.

ಶಿವಗಾಮಿ ಅಜ್ಜಿ ತನ್ನ ಜಗಲಿಯ ಕೆಮ್ಮಣ್ಣಿನ ಪಟ್ಟೆ ತೆಳುವಾಯ್ತು ಅಂತ ನನ್ನ ಕೈಲಿ ಮೂರು ಸಲ ಬಳಿಸಿದಳು. ಈಗ ದಿನಾ ಎಲೆ ಅಡಿಕೆ ಹಾಕಿಕೊಂಡು ಅದರ ಮುಂದೆ ಬಂದು ಕೂರ್ತಾಳೆ. ಒಬ್ಬರಿಗೆ ದನದ ಕೊಟ್ಟಿಗೆ ಬೇಕು, ಒಬ್ಬರಿಗೆ ಹಿತ್ತಲ ನುಗ್ಗೆ ಮರ ಬೇಕು. ಟೀ ಕುಡಿಯೋಕೆ ಹೋದರೂ ಹಿಡಿದುಕೊಳ್ತಾರೆ. ನೆನಪಿಲ್ಲದ್ದನ್ನ ಸುಮ್ಮನೆ ಏನೋ ಒಂದು ಬರೀತೀನಿ. "ಹೌದು, ಹೀಗೇ ಇತ್ತು" ಅಂತಾರೆ. ಈಗ ಯಾವುದು ಇದ್ದದ್ದು, ಯಾವುದು ನಾನು ಕಟ್ಟಿದ್ದು, ನನಗೇ ತಿಳಿಯಲ್ಲ. ಅದು ಒಂದು ಹೆದರಿಕೆ.

ಮೂರು ದಿನ ರಜ ಕೊಡಿ, ಅಮ್ಮನನ್ನ ನೋಡಿಕೊಂಡು ಬರ್ತೀನಿ ಅಂತ ಮುದಲಾಳಿಯನ್ನ ಕೇಳಿದೆ. "ನೀನು ಎದ್ದು ಹೋದರೆ ನಿನ್ನ ಊರನ್ನ ಯಾರಯ್ಯಾ ಬರೀತಾರೆ? ಹೊಳೆ ದಂಡೆ ಪರದೆ ಯಾವಾಗ ಮುಗೀತದೆ?" ಅಂದರು. ಬರೋ ತಿಂಗಳು ಕಂಪೆನಿ ಪಲ್ಲಡಂಗೆ ಹೋಗುತ್ತೆ, ಪರದೆ ಎಲ್ಲೋ ನಾನೂ ಅಲ್ಲೇ ಅಂತೆ. ಇದು ನಮ್ಮವರ ಕಿವಿಗೆ ಬಿದ್ದು ಅವರು ಡೇರೆ ಬಾಗಿಲಿಗೆ ಬಂದು ನಿಂತರು. ಶಿವಗಾಮಿ ಅಜ್ಜಿ ನನ್ನ ಅಂಗಿ ಹಿಡಿದು, "ಇನ್ನೊಂದು ಸಲ ಊರು ಬಿಡಿಸ್ತೀಯೇನೋ? ಸುತ್ತಿ ಗಾಡಿಗೆ ಹಾಕ್ತೀಯೇನೋ?" ಅಂದಳು. ಆ ಕಡೆ ಮುದಲಾಳಿ, ಈ ಕಡೆ ನಮ್ಮವರು. ನಾನು ಪರದೆ ಹಿಂದೆ ಹೋಗಿ ಕೂತೆ.

ನಮ್ಮ ಮನೆ ಎಷ್ಟು ದೊಡ್ಡದಾಗಿ ಬರೆದಿದ್ದಾನೆ ಅಂತ ಅಮ್ಮ ಕೇಳಿದಳು ಅಂತೀಯ. ನಮ್ಮದು ಬೀದಿಯ ಕೊನೇ ಮನೆ ಅಲ್ವಾ, ಪರದೆಯ ಅಂಚಿಗೆ ಬರುತ್ತೆ. ಅಲ್ಲಿ ಪಕ್ಕದ ತಟ್ಟಿ ಅಡ್ಡ ನಿಲ್ಲಿಸ್ತಾರೆ, ಮುಂದೆ ಕೂತವರಿಗೆ ಕಾಣಿಸಲ್ಲ. ಬಂದರೂ ಕಾಣಿಸಲ್ಲ ಅಂತ ಅಮ್ಮನಿಗೆ ಬಿಡಿಸಿ ಹೇಳು.

ಕಾಗದ ಮುಗೀತಾ ಬಂತು. ನಿನ್ನ ಮಡಿಲು ತಣ್ಣಗಿರಲಿ, ಮಗೂಗೆ ನೂರು ವರ್ಷ ಆಯಸ್ಸಾಗಲಿ. ಅಮ್ಮ ಹೊತ್ತಿಗೆ ಸರಿಯಾಗಿ ಉಣ್ಣಲಿ.

ಇಂತು ನಿನ್ನ ಅಣ್ಣ,
ಆರುಮುಗಂ

ಮತ್ತೊಂದು ಮಾತು. ಅಮ್ಮನಿಗೆ ಮೇಲಿನದನ್ನ ಓದಿ ಹೇಳು. ಇದು ನಿನಗೆ ಮಾತ್ರ.

ತಟ್ಟಿ ಹಿಂದೆ ಮನೆ ಇಲ್ಲ. ಬರೀ ಬಟ್ಟೆ. ನಾಲ್ಕು ಸಲ ಕೂತೆ, ಆಗಲಿಲ್ಲ. ಜಗಲಿ ಎಳೆಯೋವಾಗ ಅದರ ಮೇಲೆ ಅಮ್ಮ ಕೂತಿರ್ತಾಳೆ. ಅಣೆಕಟ್ಟಿಗೆ ಮನೆ ಬಿಟ್ಟುಕೊಡಲ್ಲ ಅಂತ ಆಗ ಅಮ್ಮ ಒಬ್ಬಳೇ ನಿಂತಿದ್ದಳಲ್ಲ. ಬೀದಿಯವರೆಲ್ಲ ರುಜು ಹಾಕಿ ಆಗಿತ್ತು. ಮನೇನೂ ಹೋಗಿ, ಬದಲು ಜಾಗಾನೂ ಸಿಗದೆ ಹೋದರೆ ಅಂತ ನನಗೆ ಹೆದರಿಕೆ. "ಅಮ್ಮಾ, ಇದು ನಮ್ಮ ಮನೆ ಉಳಿಸಿಕೊಡಿ ಅಂತ ಅರ್ಜಿ, ಹೆಬ್ಬೆಟ್ಟು ಹಾಕು" ಅಂದೆ. ಅಮ್ಮ ಒಳಗೆ ಹೋಗಿ ಕೈ ತೊಳೆದು ಸೆರಗಲ್ಲಿ ಒರೆಸಿಕೊಂಡು ಬಂದು ಹಾಕಿದಳು. "ಸರಿಯಾಗಿ ಬಿತ್ತೇನಪ್ಪಾ?" ಅಂತ ಕೇಳಿದಳು. ಅದು ಮನೆ ಬಿಟ್ಟುಕೊಟ್ಟ ಕಾಗದ.

ನಾನು ಅಲ್ಲಿಗೆ ಬಂದಾಗಲೆಲ್ಲ ಅಮ್ಮ ಅರ್ಜಿಗೆ ಜವಾಬು ಬಂತಾ ಅಂತ ಕೇಳ್ತಾಳೆ. ವಯಸ್ಸಾಯ್ತು, ಏನೇನೋ ಮಾತಾಡ್ತಾಳೆ ಅಂತ ನೀನು ನಗ್ತೀಯ. ಅಮ್ಮನಿಗೆ ಬುದ್ಧಿ ಸರಿಯಾಗೇ ಇದೆ ತಂಗಿ. ಇನ್ನೂ ಬಂದಿಲ್ಲಮ್ಮ ಅಂತ ನಾನೇ ಹೇಳ್ತಾ ಬಂದಿದ್ದೀನಿ.

ನಿನಗೆ ಮಾತ್ರ ಅಂದೆ. ಬೇಡ. ಇದನ್ನೂ ಅಮ್ಮನಿಗೆ ಓದು. ನಿಧಾನವಾಗಿ ಓದು. ಕೇಳಿದ ಮೇಲೂ ಗಾಡಿ ಕಟ್ಟು ಅಂದರೆ ಕರ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ.