ಹೆಂಟೆಯ ಮೇಲಿನ ಚೆಂಡು

ಅಣ್ಣಿಗೇರಿ
ತಾ. 19-2-1974, ಮಂಗಳವಾರ, ಮಧ್ಯಾಹ್ನ

ಚಿರಂಜೀವಿ ಹೊಳೆಯಪ್ಪನಿಗೆ ನಿನ್ನ ಅಕ್ಕ ಮೈಲಾರವ್ವ ತಲೆ ಸವರಿ ಮಾಡುವ ಆಶೀರ್ವಾದ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿಲ್ಲ ಎಂಬುದು ನಿನ್ನ ಅಕ್ಷರ ನೋಡಿದ ಕೂಡಲೇ ತಿಳಿಯಿತು, ಆದ್ದರಿಂದ ಅದನ್ನು ಕೇಳುವುದಿಲ್ಲ.

ಬಾಲವಾಡಿಯ ಮಕ್ಕಳು ಉಪ್ಪಿಟ್ಟು ತಿಂದು ಚಾಪೆಯ ಮೇಲೆ ಸಾಲಾಗಿ ಮಲಗಿವೆ. ಇವು ಏಳುವುದರೊಳಗೆ ಬರೆದು ಮುಗಿಸಬೇಕು. ನನ್ನ ಕಾಲ ಬಳಿ ಹಲೀಮಾ ಬೆರಳು ಚೀಪುತ್ತ ಮಲಗಿದ್ದಾಳೆ. ನಾಲ್ಕು ವರ್ಷದ ಪೋರಿ. ಯಾರು ಯಾರ ಬೆಲ್ಲ ಕದ್ದರು, ಯಾರು ಚಡ್ಡಿ ಒದ್ದೆ ಮಾಡಿಕೊಂಡರು, ಎಲ್ಲವನ್ನೂ ನನಗೆ ವರದಿ ಮಾಡದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಅವಳು ಯಾರ ಮಗಳು ಎಂಬುದನ್ನು ಈಗಲೇ ಹೇಳಿದರೆ ನನ್ನ ಕೈ ನಿಂತುಹೋಗುತ್ತದೆ. ಸ್ವಲ್ಪ ತಾಳು.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ನೀನು ಕೇಳಿದ್ದು ಒಂದೇ ಮಾತು. ಕಲಕತ್ತೆಯಲ್ಲಿ ಮಾಡಿದ್ದು ಸರಿಯೋ ತಪ್ಪೋ? ಸರಿ ಎಂದು ಅಕ್ಕ ಬರೆದರೆ ಆಡುತ್ತೇನೆ, ಇಲ್ಲದಿದ್ದರೆ ಕೋಲುಗಳನ್ನು ಮಾರಿ ಬೆಂಗಳೂರಿನ ಗಾಲ್ಫ್ ಕ್ಲಬ್ಬಿನಲ್ಲಿ ಉಗ್ರಾಣ ನೋಡಿಕೊಂಡು ಇರುತ್ತೇನೆ ಎಂದು ಬರೆದಿದ್ದೀ. ಇಪ್ಪತ್ತೆಂಟು ವರ್ಷದ ಗಂಡಸು ತನ್ನ ಬದುಕನ್ನು ಮಡಿಚಿ ಅಂಚೆಗೆ ಹಾಕಿ ಅಕ್ಕನ ಕೈಗೆ ಕಳಿಸಿದ್ದಾನೆ. ಓದಿ ಒಂದು ಕಡೆ ನಗು ಬಂತು, ಇನ್ನೊಂದು ಕಡೆ ನಿನ್ನ ಕಿವಿ ಹಿಂಡಬೇಕೆನಿಸಿತು.

ಆ ಪತ್ರ ಬಂದಾಗಿನಿಂದ ನನಗೆ ಕಲಕತ್ತೆಯ ಕನಸೇ ಕನಸು. ನೋಡದ ಊರು, ಆದರೆ ಕನಸಿನಲ್ಲಿ ಎಲ್ಲ ಗೊತ್ತು. ನೀನು ಬರೆದ ಹಾಗೆಯೇ ಕಣ್ಣು ಹೋಗುವಷ್ಟು ದೂರ ಹುಲ್ಲು, ಬೆಳಗಿನ ಮಂಜು, ಮಂಜಿನೊಳಗೆ ಸದ್ದಿಲ್ಲದೆ ನಡೆಯುವ ಸಾವಿರ ಜನ. ನಾನು ಬರಿಗಾಲಿನಲ್ಲಿ ನಿನ್ನ ಹಿಂದೆ ಬರುತ್ತಿರುತ್ತೇನೆ. ಹುಲ್ಲು ತಣ್ಣಗೆ, ಮೊಸರಿನಲ್ಲಿ ಕಾಲಿಟ್ಟ ಹಾಗೆ. ಹದಿನಾರನೆಯ ಕುಳಿಯ ಹತ್ತಿರ ಆ ದೊಡ್ಡ ಮರ. ಅದರ ಕೆಳಗೆ ಒಣಗಿದ ಎಲೆಗಳ ಮೇಲೆ ನಿನ್ನ ಚೆಂಡು. ನೀನು ಹೊಡೆಯಲು ನಿಂತು ಕೋಲನ್ನು ಚೆಂಡಿನ ಹಿಂದೆ ಊರುತ್ತೀ. ಚೆಂಡು ಒಂದು ಜೋಳದ ಕಾಳಿನಷ್ಟು ಉರುಳುತ್ತದೆ. ಯಾರೂ ನೋಡುವುದಿಲ್ಲ. ನಿನ್ನ ಜೊತೆ ಆಡುವವನೂ ನೋಡಿಲ್ಲ, ನಿನ್ನ ಚೀಲ ಹೊರುವವನೂ ನೋಡಿಲ್ಲ.

ಅಂದು ನಿಜವಾಗಿ ನಡೆದದ್ದೂ ಹೀಗೆಯೇ. ನೀನು ಕೈ ಎತ್ತಿ ಪಂಚರನ್ನು ಕರೆದು, ಚೆಂಡು ಅಲುಗಿತು ಎಂದು ಹೇಳಿದೆ. ನಿಮ್ಮ ಆಟದ ಕಾಯಿದೆಯಂತೆ ಒಂದು ಏಟು ಹೆಚ್ಚು ಬರೆದುಕೊಂಡರು. ಕಡಿಮೆ ಏಟಿನಲ್ಲಿ ಮುಗಿಸಿದವನೇ ಗೆಲ್ಲುವ ಆಟ ಅದು. ಸಂಜೆ ನೋಡಿದರೆ ಮೊದಲನೆಯವನಿಗಿಂತ ನಿನ್ನದು ಒಂದೇ ಏಟು ಹೆಚ್ಚು. ಅದೊಂದು ಇಲ್ಲದಿದ್ದರೆ ಇಬ್ಬರೂ ಸರಿಸಮ. ಮರುದಿನ ಇಬ್ಬರೇ ಆಡಿ, ದೇಶದ ದೊಡ್ಡ ಚಾಂಪಿಯನ್‌ಶಿಪ್ ನಮ್ಮ ಅಣ್ಣಿಗೇರಿಗೆ ಬರಬಹುದಿತ್ತು.

ಇಷ್ಟನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಪತ್ರಿಕೆಯಲ್ಲಿ ಇಲ್ಲದ್ದು ನಿನ್ನ ಪತ್ರದ ಕೊನೆಯ ಪುಟದಲ್ಲಿತ್ತು. ಆ ಹೊತ್ತಿನಲ್ಲಿ ನಿನಗೆ ನೆನಪಾದದ್ದು ನಾನಂತೆ. ಚಿಕ್ಕಂದಿನ ಪಂದ್ಯದಲ್ಲಿ ನಿನ್ನ ಚೆಂಡು ಮಣ್ಣಿನ ಹೆಂಟೆಯ ಮೇಲೆ ಕೂತಿತ್ತು, ಅಕ್ಕ ಎರಡು ಹೆಜ್ಜೆ ದೂರ ನಿಂತಿದ್ದಳು, ತನ್ನ ನೆರಳನ್ನೂ ಚೆಂಡಿಗೆ ತಾಗಿಸಿರಲಿಲ್ಲ, ಅಂಥ ಅಕ್ಕನ ತಮ್ಮ ನಾನು ಎಂದುಕೊಂಡು ಕೈ ಎತ್ತಿದೆ ಎಂದು ಬರೆದಿದ್ದೀ.

ಹೊಳೆಯಾ, ಆ ಹೆಂಟೆಯ ಮೇಲೆ ಚೆಂಡನ್ನು ಇಟ್ಟವಳು ನಾನು.

ಬರೆದುಬಿಟ್ಟೆ. ಹದಿನಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಬರೆಯಲು ಒಂದು ಸಾಲು ಸಾಕಾಯಿತು. ಈಗ ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ, ಯಾಕೆಂದರೆ ನೀನು ಅದನ್ನು ಬೇರೆ ಬಣ್ಣದಲ್ಲಿ ಇಟ್ಟುಕೊಂಡಿದ್ದೀ.

ಸ್ಟೇಷನ್ನಿನ ಆಚೆಯ ಬೀಳು ನೆಲ ನೆನಪಿದೆಯಲ್ಲ? ಹುಬ್ಬಳ್ಳಿಯಿಂದ ರೈಲ್ವೆ ಸಾಹೇಬರು ಆದಿತ್ಯವಾರ ಬಂದು ಅಲ್ಲಿ ಒಂಬತ್ತು ಕುಳಿ ಆಡುತ್ತಿದ್ದರು. ನಮ್ಮ ನೆಲದಲ್ಲಿ ಹುಲ್ಲೆಲ್ಲಿಯದು? ಕುಳಿಯ ಸುತ್ತ ಉಸುಕಿಗೆ ಎಂಜಿನ್ನಿನ ಕರಿ ಎಣ್ಣೆ ಕಲಸಿ ರೊಟ್ಟಿ ಬಡಿದ ಹಾಗೆ ಗುಂಡಗೆ ತಟ್ಟಿದ್ದರು. ಅಪ್ಪನ ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತರೆ ಬಿಸಿಲಗುದುರೆಯ ಮೇಲೆ ಬಿಳಿ ಚೆಂಡು ಹಾರುವುದು ಕಾಣುತ್ತಿತ್ತು. ಅದು ಎಲ್ಲಿಂದ ಬಂತು, ಎಲ್ಲಿ ಬಿತ್ತು ಒಂದೂ ತಿಳಿಯುತ್ತಿರಲಿಲ್ಲ. ನೀನು ಬಾಯಿ ತೆರೆದು ನೋಡುತ್ತಿದ್ದೆ. ಅವ್ವ ನಿನ್ನ ಬಾಯಿಗೆ ತುತ್ತು ಇಡಲು ಅದೇ ಸಮಯ ಕಾಯುತ್ತಿದ್ದಳು.

ನಮಗೆ ಅಲ್ಲಿ ಕೆಲಸವೂ ಸಿಕ್ಕಿತು. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಡುತ್ತದೆ. ಆ ಬಿರುಕುಗಳಲ್ಲಿ ಚೆಂಡು ಬಿದ್ದರೆ ಸಾಹೇಬರ ಕೈ ಹೋಗುತ್ತಿರಲಿಲ್ಲ, ನನ್ನ ತೆಳ್ಳನೆಯ ಕೈ ತೋಳಿನ ತನಕ ಹೋಗುತ್ತಿತ್ತು. ಒಳಗೆ ಎಷ್ಟು ತಂಪು ಗೊತ್ತೇ? ಮೇಲೆ ನೆಲ ಸುಡುತ್ತಿದ್ದರೂ ಒಳಗೆ ಶ್ರಾವಣ ಇನ್ನೂ ಮುಗಿದಿರಲಿಲ್ಲ. ನಾನು ಬೇಕೆಂದೇ ಕೈಯನ್ನು ಸ್ವಲ್ಪ ಹೊತ್ತು ಅಲ್ಲಿಯೇ ಬಿಡುತ್ತಿದ್ದೆ.

ನೀನು ಜಾಲಿ ಬೇರಿನ ಸೊಟ್ಟ ಕೋಲಿನಿಂದ ಹೊಡೆಯುವುದನ್ನು ಕಲಿತೆ. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ ಮಗ ಬಾಷಾಸಾಬನೂ ಕಲಿತ. ನಿಮ್ಮಿಬ್ಬರಲ್ಲಿ ಯಾರು ಹೆಚ್ಚು ಎಂದು ಹೇಳುವುದು ಕಷ್ಟವಿತ್ತು. ನಾನಂತೂ ನೀನೇ ಎನ್ನುತ್ತಿದ್ದೆ. ದೊಡ್ಡ ಸಾಹೇಬರಿಗೆ ವರ್ಗವಾಯಿತು. ಹೋಗುವ ಹಿಂದಿನ ದಿನ, ಹೋಳಿ ಹುಣ್ಣಿಮೆಯಾಗಿ ಒಂದು ವಾರಕ್ಕೆ, ಮಕ್ಕಳಿಗೊಂದು ಪಂದ್ಯ ಇಟ್ಟರು. ಗೆದ್ದವನಿಗೆ ಒಂದು ನಿಕಲ್ ಬೋಗುಣಿ, ಮತ್ತು ಬೆಂಗಳೂರಿನ ಗಾಲ್ಫ್ ಕ್ಲಬ್ಬಿಗೆ ಒಂದು ಪತ್ರ. ಅಲ್ಲಿ ಊಟ, ವಸತಿ, ಕೆಲಸ, ಆಟ. ಪತ್ರ ಒಂದೇ ಇತ್ತು.

ಎಂಟು ಹುಡುಗರು ಆಡಿದರು. ಏಳನೆಯ ಕುಳಿಗೆ ಬರುವಾಗ ನೀನು, ಬಾಷಾಸಾಬ ಇಬ್ಬರೇ ಉಳಿದಂತಾಗಿತ್ತು. ಪ್ರತಿಯೊಬ್ಬನಿಗೂ ಚೆಂಡು ಕಾಯಲು ಮನೆಯವರೊಬ್ಬರು ಮುಂದೆ ನಿಲ್ಲಬೇಕು, ನಿನಗೆ ನಾನು ನಿಂತಿದ್ದೆ. ನೀನು ಹೊಡೆದ ಚೆಂಡು ಒಡ್ಡು ದಾಟಿ ಬಂತು. ನಾನು ಓಡಿ ನೋಡಿದರೆ ಅದು ಬಿರುಕಿನೊಳಗೆ ಬಿದ್ದಿದೆ. ಬಿರುಕಿನಿಂದ ತೆಗೆದರೆ ಒಂದು ಏಟು ಹೆಚ್ಚು, ನಮ್ಮ ನೆಲಕ್ಕೆಂದೇ ಸಾಹೇಬರು ಮಾಡಿದ ಕಾಯಿದೆ ಅದು. ಒಡ್ಡಿನ ಆ ಕಡೆ ನಿಮ್ಮ ತಲೆಗಳಿನ್ನೂ ಕಾಣುತ್ತಿರಲಿಲ್ಲ. ನಾನು ಕೈ ಹಾಕಿದೆ. ಆ ತಂಪು ತಾಗಿತು. ಹೊರಗೆ ತೆಗೆದು ಪಕ್ಕದ ಹೆಂಟೆಯ ಮೇಲೆ ಇಟ್ಟೆ, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನೀನು ಒಡ್ಡು ಹತ್ತಿ ಬಂದಾಗ ಕೂಗಿ ಹೇಳಿದೆ.

"ಇಲ್ಲೈತಿ ನೋಡ, ಹೆಂಟಿ ಮ್ಯಾಲ ಕುಂತೈತಿ."

ನೀನು ಒಂದು ಏಟಿನಿಂದ ಗೆದ್ದೆ. ನಾನು ಕೈ ಹಾಕದಿದ್ದರೆ ಇಬ್ಬರೂ ಸರಿಸಮ. ಸಾಹೇಬರು ಮರುದಿನ ಬೆಳಿಗ್ಗೆ ರೈಲು ಹತ್ತುವ ಮೊದಲು ನಿಮ್ಮಿಬ್ಬರನ್ನೇ ಮತ್ತೊಮ್ಮೆ ಆಡಿಸುತ್ತಿದ್ದರೋ ಏನೋ. ಆ ಆಟ ಆಗಲೇ ಇಲ್ಲ.

ಆಮೇಲಿನದು ನಿನ್ನದೇ ದುಡಿಮೆ, ಅದರಲ್ಲಿ ನನ್ನ ಕೈ ಇಲ್ಲ. ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸಿದೆ, ಬೇರೆಯವರ ಚೀಲ ಹೊತ್ತೆ. ಮೊದಲ ವರ್ಷ ನುಣ್ಣನೆಯ ಹುಲ್ಲಿನ ಮೇಲೆ ಚೆಂಡು ನಿಲ್ಲದೆ ಅಳು ಬರುತ್ತದೆ, ಉಸುಕೇ ಚಂದವಿತ್ತು ಎಂದು ಬರೆದಿದ್ದೆ. ಹದಿನೇಳಕ್ಕೆ ಚೀಲ ಹೊರುವವರ ಪಂದ್ಯ ಗೆದ್ದೆ, ಇಪ್ಪತ್ತೊಂದಕ್ಕೆ ಆಟವೇ ನಿನ್ನ ಉದ್ಯೋಗವಾಯಿತು. ಎರಡು ವರ್ಷದ ಹಿಂದೆ ಮೊದಲ ಸಲ ದೊಡ್ಡ ಪಂದ್ಯಕ್ಕೆ ಹೋಗಿ ಮೂವತ್ತೊಂದನೆಯವನಾದೆ. ಆ ಸುದ್ದಿಯ ಪತ್ರಿಕೆಯ ತುಂಡನ್ನು ಬಾಲವಾಡಿಯ ಗೋಡೆಗೆ ಅಂಟಿಸಿದ್ದೇನೆ. ಪ್ರತಿ ಸುದ್ದಿಗೂ ನಾನು ಹಿಗ್ಗಿದೆ, ಆಮೇಲೆ ಬಲಗೈ ಒಂದು ಕ್ಷಣ ತಣ್ಣಗಾಗುತ್ತಿತ್ತು. ಈಚಿನ ಕನಸಿನಲ್ಲಿ ಕಲಕತ್ತೆಯ ಹುಲ್ಲು ನನ್ನ ಕಾಲ ಕೆಳಗೆ ಬಿರಿಯುತ್ತದೆ. ನಾನು ಕೈ ಹಾಕುತ್ತೇನೆ, ತೋಳು ಪೂರ್ತಿ ಹೋಗುತ್ತದೆ, ಚೆಂಡು ಸಿಗುವುದಿಲ್ಲ.

ಈಗ ಹೇಳುತ್ತೇನೆ. ಹಲೀಮಾ ಬಾಷಾಸಾಬನ ಮಗಳು. ಅವನೂ ತನ್ನ ಅಪ್ಪನ ಹಾಗೆ ಇದೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ನಾನು ಸಂತೆಗೆ ಹೋಗುವಾಗ ಅವನ ಕ್ಯಾಬಿನ್ ತಪ್ಪಿಸಿ ಸುತ್ತುದಾರಿ ಹಿಡಿಯುತ್ತೇನೆ. ಅವನ ಹೆಂಡತಿ ಜುಲೇಖಾಬಿ ದಿನಾ ಮಗಳನ್ನು ನನ್ನ ಮಡಿಲಿಗೆ ಹಾಕಿ, ನಿಮ್ಮ ಹತ್ತಿರ ಇದ್ದರೆ ನಮಗೆ ಚಿಂತೆ ಇಲ್ಲ ಎಂದು ಹೋಗುತ್ತಾಳೆ.

ಇನ್ನು ಅಪ್ಪನ ಮಾತು. ಹೋಟೆಲಿನಲ್ಲಿ ಯಾರೋ, ಹನಮಂತಪ್ಪನ ಮಗ ಕೈಗೆ ಬಂದದ್ದನ್ನು ಕಾಲಿನಿಂದ ಒದ್ದ ಎಂದು ನಕ್ಕರಂತೆ. ಅಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದ. ನಿನ್ನ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದ. ಕೊನೆಯ ಪುಟ ಓದುವಾಗ ನನ್ನ ದನಿ ಹೇಗಿತ್ತೋ, ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ.

"ನಾನು ದಿನಾ ಐದು ಮೈಲು ಹಳಿ ಮ್ಯಾಲ ಚಾವಿ ಬಡಕೋಂತ ಹೋಗತಿದ್ದೆ. ಒಂದೊಂದು ಬಡದೀನೋ ಇಲ್ಲೋ ಯಾರು ನೋಡತಿದ್ರು?"

ಅಷ್ಟೇ. ಮೂವತ್ತು ವರ್ಷ ರೈಲ್ವೆಯಲ್ಲಿ ದುಡಿದು, ಹಳಿಯನ್ನು ಬಿಗಿಹಿಡಿಯುವ ಒಂದೂ ಚಾವಿ ಬಿಡದೆ ಬಡಿದ ಮನುಷ್ಯ ಇನ್ನೇನು ಹೇಳಬೇಕು? ನಿನ್ನ ಕೈ ಎದ್ದದ್ದು ಅವನಿಂದ, ಹೊಳೆಯಾ. ನನ್ನಿಂದಲ್ಲ. ನೀನು ತಪ್ಪು ದೇವರಿಗೆ ಕಾಯಿ ಒಡೆದಿದ್ದೀ, ಆದರೆ ಕಾಯಿ ಕೆಟ್ಟದ್ದಲ್ಲ.

ನೀನು ಮಾಡಿದ್ದು ಸರಿ. ಹೇಳಲು ನನಗೆ ಅಧಿಕಾರವಿಲ್ಲ, ಆದರೂ ಹೇಳುತ್ತೇನೆ. ಇದನ್ನು ಓದಿ ಇನ್ನು ನನ್ನ ಪತ್ರ ಬೇಡ ಎನಿಸಿದರೆ ಅದೂ ಸರಿಯೇ, ಸಿಟ್ಟು ಇಳಿಯುವವರೆಗೆ ಕಾಯುತ್ತೇನೆ. ನನ್ನ ಮೇಲಿನ ಸಿಟ್ಟಿಗೆ ಮಾತ್ರ ಕೋಲು ಮಾರಬೇಡ. ಕದ್ದು ತಂದ ಪತ್ರ ಹಿಡಿದು ಹೋದವನು ನೀನು, ಆದರೆ ಹದಿನಾರು ವರ್ಷ ಒಂದನ್ನೂ ಕದಿಯದೆ ಆಡಿದವನೂ ನೀನೇ. ನಾನು ನಿನ್ನನ್ನು ಎಷ್ಟು ಪ್ರೀತಿಸಿದೆನೆಂದರೆ ಕಣ್ಣು ಕಾಣದಷ್ಟು. ಅದು ನೆಪವಲ್ಲ, ನಡೆದದ್ದು ಹಾಗೆ.

ಒಂದೊಂದೇ ಮಗು ಹೊರಳುತ್ತಿದೆ. ಹಲೀಮಾ ಎದ್ದು, ಯಾರಿಗೆ ಬರೆಯುತ್ತಿದ್ದೀಯೆಂದು ಕೇಳುತ್ತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ದಾರಿ ಕಾಯುವ
ಅಕ್ಕ ಮೈಲಾರವ್ವ

ತಾ.ಕ. (ಶುಕ್ರವಾರ): ಮಂಗಳವಾರ ಈ ಪತ್ರವನ್ನು ಅಂಚೆಗೆ ಹಾಕಲಾಗಲಿಲ್ಲ. ನಿನಗೆ ಹೇಳಿ ಬಾಷಾಸಾಬನಿಗೆ ಹೇಳದಿದ್ದರೆ ಅರ್ಧವೇ ಹೇಳಿದಂತೆ ಎನಿಸಿತು. ಅವ್ವ ಮೊಸರು ಹೆಪ್ಪು ಹಾಕುತ್ತಿದ್ದ ಆ ನಿಕಲ್ ಬೋಗುಣಿಯನ್ನು ತಿಕ್ಕಿ ತೊಳೆದು, ನಿನ್ನೆ ಸುತ್ತುದಾರಿ ಬಿಟ್ಟು ನೇರವಾಗಿ ಕ್ಯಾಬಿನ್ನಿಗೆ ಹೋದೆ. ನಿಂತೇ ಎಲ್ಲ ಹೇಳಿದೆ. ಬಾಷಾಸಾಬ ಬೋಗುಣಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಂದ ಗೂಡ್ಸ್ ಗಾಡಿಗೆ ಹಸಿರು ಬಾವುಟ ತೋರಿಸಿ ಕಳಿಸಿದ. ಆಮೇಲೆ ಅಂದ:

"ನನಗ ಆಗಽ ಗೊತ್ತಿತ್ರಿ ಅಕ್ಕಾರ. ನಿಮ್ಮ ತೋಳಿಗೆ ಎರಿ ಮಣ್ಣು ಹತ್ತಿತ್ತು. ಸಾಹೇಬರ ಮುಂದ ಹೆಣ್ಣಹುಡುಗಿ ಕೈ ತೋರಿಸಿ ಹೇಳಾಕ ಮನಸ್ಸು ಬರಲಿಲ್ಲ."

ನಾನು ಅಲ್ಲಿಯೇ ಕೂತು ಅತ್ತೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಎನ್ನದೆ ಇದ್ದದ್ದೇ ಒಳ್ಳೆಯದಾಯಿತು. ಬೋಗುಣಿಯನ್ನು ಲಾಂದ್ರದ ಪಕ್ಕದ ಹಲಗೆಯ ಮೇಲಿಟ್ಟು, ಇದು ಸದ್ಯಕ್ಕೆ ಯಾರದೂ ಅಲ್ಲ, ಗೆದ್ದವರು ಒಯ್ಯಲಿ ಎಂದ. ಏಳನೆಯ ಕುಳಿಯ ಉಸುಕು ಇನ್ನೂ ಇದೆಯಂತೆ, ಯುಗಾದಿಯೊಳಗೆ ಕಸ ಕಿತ್ತು ಎಣ್ಣೆ ಹಾಕಿ ತಟ್ಟುತ್ತಾನಂತೆ. ನೀನು ಎಂದು ಬರುತ್ತೀ ಎಂದು ಕೇಳಿದ. ಬರುವಾಗ ಅವನಿಗೂ ಒಂದು ಕೋಲು ತಾ. ಈ ಸಲ ನಿನ್ನ ಚೆಂಡು ಕಾಯಲು ನನ್ನನ್ನು ನಿಲ್ಲಿಸುವುದಿಲ್ಲವಂತೆ, ಹಲೀಮಾ ನಿಲ್ಲುತ್ತಾಳೆ. ಅವಳ ಕೈಯೂ ಬಿರುಕಿನೊಳಗೆ ಹೋಗುವಷ್ಟು ಸಣ್ಣದೇ. ಆದರೆ ಅವಳ ಬಾಯಲ್ಲಿ ಏನೂ ನಿಲ್ಲುವುದಿಲ್ಲ.