ಕಾರಣ ಕಾಣದ ಕಿಲೋಮೀಟರು

ಸೋಮವಾರ, ಮಾರ್ಚ್ ೧೦

ನನ್ನ ಮೊಂಡಿಗೆ,

ಅಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಪತ್ರ ತಡವಾಯಿತು, ಕ್ಷಮಿಸು ಎಂದು ಬರೆಯಲು ಹೊರಟು ನಾಚಿಕೆಯಾಯಿತು. ನಾಲ್ಕು ವರ್ಷವನ್ನು ಯಾವ ಬಾಯಿಂದ ತಡ ಎನ್ನಲಿ? ನಿನ್ನಪ್ಪ ತೀರಿಕೊಂಡ ತಿಂಗಳೊಳಗೆ ಅವರ ಹಳೆಯ ಕಾರನ್ನು ನಿನಗೆ ಒಂದು ಮಾತೂ ಹೇಳದೆ ಮಾರಿದೆ. ಅವರ ಪಕ್ಕದಲ್ಲಿ ಕೂತು ನೀನು ಡ್ರೈವಿಂಗ್ ಕಲಿತ ಕಾರು. ನೀನು ಬಂದು ಕೂಗಾಡಿದೆ, ನಾನೇನು ಕಡಿಮೆಯೇ, ನಾನೂ ಕೂಗಾಡಿದೆ. ಅಲ್ಲಿಗೆ ಅಮ್ಮ ಮಗಳ ಮಾತು ನಿಂತಿತು. ನೀನು ಮತ್ತೆ ಮನೆಗೆ ಬರುತ್ತೀಯಾ ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೇರವಾಗಿ ಕೇಳಿ ನನಗೆ ಅಭ್ಯಾಸವಿಲ್ಲ, ನಿನಗೇ ಗೊತ್ತು. ಅದಕ್ಕೆ ಮೊದಲು ಆಫೀಸಿನ ಸುದ್ದಿ ಹೇಳಿಬಿಡುತ್ತೇನೆ.

ನಿವೃತ್ತಿಗೆ ಎಂಟು ತಿಂಗಳಿರುವಾಗ ರಸ್ತೆ ಇಲಾಖೆಯವರು ನನ್ನನ್ನು ಒಂದು ಸಮಿತಿಗೆ ಹಾಕಿದರು. ವಾಹನ ಇಟ್ಟುಕೊಂಡವರಿಂದ ರಸ್ತೆಯ ತೆರಿಗೆಯನ್ನು ಹೇಗೆ ತೆಗೆದುಕೊಂಡರೆ ನ್ಯಾಯ ಎಂದು ನಾವು ಹೇಳಬೇಕು. ಕೇಳಲು ಸುಲಭ. ಈಗಿನ ಹಾಗೆ ವರ್ಷಕ್ಕೊಮ್ಮೆ ಎಲ್ಲರಿಂದ ಒಂದೇ ಮೊತ್ತ ಎಂದರೆ, ತಿಂಗಳಿಗೆರಡು ಸಲ ಕಾರು ಹೊರಗೆ ತೆಗೆಯುವ ಪಕ್ಕದ ಮನೆಯ ಮೇಷ್ಟ್ರೂ ಹಗಲೆಲ್ಲ ಸುತ್ತುವ ಟ್ಯಾಕ್ಸಿಯವನೂ ಒಂದೇ ಆಗುತ್ತಾರೆ. ಪೆಟ್ರೋಲಿನ ಮೇಲೆ ಹಾಕಿದರೆ ಓಡಿದಷ್ಟು ಕೊಟ್ಟ ಹಾಗೆ, ಒಪ್ಪೋಣ. ಆದರೆ ಬ್ಯಾಟರಿ ಕಾರುಗಳು ಪೆಟ್ರೋಲ್ ಬಂಕಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ರಸ್ತೆಯನ್ನು ಮಾತ್ರ ಎಲ್ಲರ ಹಾಗೆಯೇ ಸವೆಸುತ್ತವೆ. ಕೊನೆಗೆ ಉಳಿದದ್ದು ಎರಡೇ ಪ್ರಶ್ನೆ, ಎಷ್ಟು ದೂರ ಹೋದಿರಿ, ಎಷ್ಟು ಭಾರ ಹೊತ್ತಿರಿ.

ಭಾರದ ವಿಷಯ ನಿನಗೆ ಚಿಕ್ಕಂದಿನಲ್ಲೇ ಹೇಳಿದ್ದೆ, ನೀನು ಆಕಳಿಸಿದ್ದೆ. ಚಕ್ರದ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡರಷ್ಟಲ್ಲ, ಹೆಚ್ಚುಕಡಿಮೆ ಹದಿನಾರರಷ್ಟು. ತುಂಬಿದ ಲಾರಿಯೊಂದು ಹೋದರೆ ಸಾವಿರಾರು ಕಾರುಗಳು ಹೋದಂತೆ. ಕೆಲಸಕ್ಕೆ ಸೇರಿದ ವರ್ಷ ಇದನ್ನು ಓದಿ ಮೈ ಜುಮ್ಮೆಂದಿತ್ತು, ಈಗಲೂ ಎನ್ನುತ್ತದೆ. ಮೂರು ತಿಂಗಳ ಹಿಂದೆ ಆಫೀಸಿನ ಮುಂದಿನ ರಸ್ತೆಯನ್ನು ಕೊರೆದು, ಒಳಗಿನ ಪದರಗಳನ್ನು ತೋಳುದ್ದದ ಒಂದು ಕಂಬದ ಹಾಗೆ ಇಡಿಯಾಗಿ ಹೊರಗೆ ತೆಗೆದರು. ಮೇಲೆ ಡಾಂಬರು, ಕೆಳಗೆ ಜಲ್ಲಿ, ಮತ್ತೆ ಡಾಂಬರು, ಮತ್ತೆ ಜಲ್ಲಿ, ಎಲ್ಲಕ್ಕಿಂತ ಕೆಳಗೆ ಉಳಿಯ ಗುರುತಿರುವ ಒಂದು ಕಲ್ಲು. ಯಾವ ಕಾಲದಲ್ಲೋ ಯಾರೋ ಕೂತು ಕೆತ್ತಿ ಜೋಡಿಸಿದ್ದು. ಅದರ ಮೇಲೆ ನಾನು ಮೂವತ್ತೈದು ವರ್ಷ ನಡೆದು ಆಫೀಸಿಗೆ ಹೋಗಿದ್ದೇನೆ. ಆ ಗುರುತಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಅಲ್ಲೇ ನಿಂತುಬಿಟ್ಟೆ.

ಆಮೇಲೆ ಪ್ರಯೋಗ ಶುರುವಾಯಿತು. ತಾವಾಗಿ ಒಪ್ಪಿ ಬಂದ ಮುನ್ನೂರು ಜನರ ವಾಹನಗಳಿಗೆ ಬೆಂಕಿಪೊಟ್ಟಣದಷ್ಟು ಸಣ್ಣ ಪೆಟ್ಟಿಗೆ ಹಾಕಿದೆವು. ಗಾಡಿ ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ನಿಂತಿತು ಎಂದು ಅದು ತಿಳಿಸುತ್ತದೆ. ಹೆಸರುಗಳು ಬೇರೆ ಕಡೆ ಬೀಗದಲ್ಲಿವೆ, ನಮಗೆ ಬರುವುದು ಬರೀ ನಂಬರು. ಮೊದಲ ಸೋಮವಾರ ಅಂಕಿಅಂಶ ನೋಡುವವಳು ಕಿಟಕಿಯ ಪರದೆ ಎಳೆದು, ಒಂದು ಇಡೀ ದಿನದ ಓಡಾಟವನ್ನು ಗೋಡೆಯ ಮೇಲೆ ತೋರಿಸಿದಳು. ಬೆಳಿಗ್ಗೆ ಐದಕ್ಕೆ ಹಾಲಿನ ವ್ಯಾನಿನದು ಒಂದೇ ಒಂದು ಸಣ್ಣ ಬೆಳಕಿನ ಗೆರೆ. ಆರಕ್ಕೆ ಇಪ್ಪತ್ತು. ಎಂಟಕ್ಕೆ ಗೋಡೆ ತುಂಬ ಬೆಳಕು, ಒಂದಕ್ಕೊಂದು ಸೇರಿ, ಬಿಟ್ಟು, ಮತ್ತೆ ಸೇರಿ. ಒಂದೊಂದು ಗೆರೆಯ ಒಳಗೂ ಒಬ್ಬರು ಕೂತಿದ್ದಾರೆ, ಒಬ್ಬೊಬ್ಬರಿಗೂ ಹೋಗಬೇಕಾದ ಒಂದು ಜಾಗವಿದೆ ಎಂದುಕೊಂಡಾಗ ನನ್ನ ಕಣ್ಣು ತುಂಬಿಬಂತು. ಜೀವಮಾನವೆಲ್ಲ ರಸ್ತೆ ನೋಡಿದವಳು ನಾನು, ಅದರ ಮೇಲೆ ಹೋಗುವವರನ್ನು ನೋಡಿದ್ದು ಅವತ್ತೇ. ಸಭೆಯಲ್ಲಿ ತೂಕಡಿಸುವ ನಮ್ಮ ಅಧ್ಯಕ್ಷರು ಕೂಡ ಕನ್ನಡಕ ತೆಗೆದು, ಇಷ್ಟೊಂದು ಜನ ಎಲ್ಲಿಗ್ರೀ ಹೋಗ್ತಾರೆ ಎಂದು ಮೆಲ್ಲಗೆ ಕೇಳಿದರು.

ಎಲ್ಲಿಗೆ ಎಂದು ವಿಂಗಡಿಸುವುದೇ ನಮ್ಮ ಕೆಲಸ. ಕಚೇರಿ, ಶಾಲೆ, ಆಸ್ಪತ್ರೆ, ಅಂಗಡಿ. ಯಾವುದಕ್ಕೂ ಸೇರದ ಪ್ರಯಾಣ ಬಂದರೆ ಪೆಟ್ಟಿಗೆ ಕೆಟ್ಟಿದೆ ಎಂದು ಬರೆದು ಅದನ್ನು ಬಿಟ್ಟುಬಿಡುವುದು ಪದ್ಧತಿ. ಪದ್ಧತಿ ಮಾಡಿದವಳೂ ನಾನೇ. ನೂರ ಹದಿನೇಳನೆಯ ನಂಬರಿನದು ಹಾಗೆ ಬಂತು. ಪ್ರತಿ ಭಾನುವಾರ ತೊಂಬತ್ತನಾಲ್ಕು ಕಿಲೋಮೀಟರ್ ದೂರದಿಂದ ಬಂದು, ಹತ್ತು ಗಂಟೆಗೆ ಒಂದು ಟೈಲರ್ ಅಂಗಡಿಯ ಮುಂದೆ ನಿಲ್ಲುತ್ತದೆ. ಭಾನುವಾರ ಅಂಗಡಿಗೆ ರಜೆ. ಹನ್ನೊಂದು ನಿಮಿಷ ನಿಂತು, ಬಂದ ದಾರಿಯಲ್ಲೇ ವಾಪಸು.

“ಮೇಡಂ, ಯಾರಾದ್ರೂ ಸುಮ್ನೆ ಅಷ್ಟು ದೂರ ಬಂದು ಹೋಗ್ತಾರಾ? ಪೆಟ್ಟಿಗೇನೇ ಕೆಟ್ಟಿರ್ಬೇಕು” ಎಂದಳು ಅಂಕಿಅಂಶದವಳು. ಇರಬೇಕು ಎಂದು ಸಹಿ ಹಾಕಿದೆ. ಐದು ಭಾನುವಾರಗಳನ್ನು ಹೀಗೆ ನನ್ನ ಕೈಯಾರೆ ಹೊಡೆದುಹಾಕಿದೆ.

ಆರನೆಯದಕ್ಕೆ ಹಾಕಲಿಲ್ಲ. ಈ ಪ್ರಯಾಣಕ್ಕೆ ಎಷ್ಟು ತೆರಿಗೆ ಹಾಕೋಣ ಎಂದು ಸಭೆಯಲ್ಲಿ ಕೇಳಿದೆ. ಎಲ್ಲರಿಗೆ ಹೇಗೋ ಹಾಗೆ, ದೂರಕ್ಕೆ ಇಷ್ಟು, ಭಾರಕ್ಕೆ ಇಷ್ಟು, ಯಾಕೆ ಬಂದರು ಎಂದು ಕೇಳಲು ನಾವ್ಯಾರು ಎಂದರು ಅಧ್ಯಕ್ಷರು. ಮನುಷ್ಯ ತೂಕಡಿಸಿದರೂ ಸರಿಯಾಗಿ ಹೇಳಿದರು. ವರದಿಯಲ್ಲಿ ಅದನ್ನೇ ಬರೆದಿದ್ದೇವೆ. ಕೊನೆಗೆ ನಾನೊಂದು ಸಾಲು ಸೇರಿಸಿದೆ, ಕಾರಣ ಕಾಣದ ಪ್ರಯಾಣವನ್ನು ಯಂತ್ರದ ದೋಷ ಎಂದು ಇನ್ನು ಮುಂದೆ ತೆಗೆದುಹಾಕಕೂಡದು ಎಂದು.

ಹೊಟ್ಟೆಗೆ ಸರಿಯಾಗಿ ತಿನ್ನು. ಗಾಡಿ ನಿಧಾನವಾಗಿ ಓಡಿಸು. ಹೋದ ಕಡೆಯೆಲ್ಲ ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವ,

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಟೈಲರ್ ಅಂಗಡಿ ನಮ್ಮ ಬೀದಿಯ ಮೂಲೆಯದು. ನಕ್ಷೆಯನ್ನು ದೊಡ್ಡದು ಮಾಡಿದಾಗ ಗೊತ್ತಾಯಿತು. ನಾನು ಹೆಸರು ಕೇಳಲಿಲ್ಲ, ಕೇಳುವ ಹಾಗೂ ಇಲ್ಲ. ನಿನ್ನೆ ಹತ್ತಕ್ಕೆ ಮುಂಚೆ ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಗೆ ಹೋದೆ. ನೀಲಿ ಕಾರು ಬಂತು. ನೀನು ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗಿಯ ತೋಳಿನ ತುದಿಯಲ್ಲಿ ಕನ್ನಡಿ ಒರೆಸಿದೆ, ಥೇಟ್ ನಿನ್ನಪ್ಪ. ಕಂಬಿ ಹಿಡಿದು ಮೆಟ್ಟಿಲಿಳಿದು ಬರುವಷ್ಟರಲ್ಲಿ ನಿನ್ನ ಹನ್ನೊಂದು ನಿಮಿಷ ಮುಗಿದಿತ್ತು. ಪೆಟ್ಟಿಗೆಗೆ ಒಪ್ಪುವ ಅರ್ಜಿಯಲ್ಲಿ ನನ್ನ ಸಹಿ ಅಚ್ಚಾಗಿತ್ತು, ಅದನ್ನು ನೋಡಿಯೇ ಹಾಕಿಸಿಕೊಂಡೆಯಾ ಎಂದು ಕೇಳುವುದಿಲ್ಲ.

ಅವತ್ತು ಸಿಟ್ಟಿನಲ್ಲಿ, ಇನ್ನು ಈ ಗೇಟು ದಾಟಬೇಡ ಎಂದೆ. ನಾನು ಹೇಳಿದ್ದರಲ್ಲಿ ನೀನು ಚಾಚೂ ತಪ್ಪದೆ ಪಾಲಿಸಿದ್ದು ಇದೊಂದೇ, ಮೊಂಡಿ. ಇವತ್ತು ಬೆಳಿಗ್ಗೆ ವೆಲ್ಡರನ್ನು ಕರೆಸಿ ಗೇಟನ್ನೇ ಕಿತ್ತು ಹಾಕಿಸಿದೆ. ಗೋಡೆಗೆ ಒರಗಿಸಿಟ್ಟಿದ್ದೇನೆ. ಭಾನುವಾರ ದಾಟಲು ಅಲ್ಲಿ ಏನೂ ಇರುವುದಿಲ್ಲ.