ಹಳದಿ ಹೆಲ್ಮೆಟ್ ಜೊತೆ ಹತ್ತೊಂಬತ್ತು ದಿನ

ಜೂನ್ ೧೪, ಭಾನುವಾರ

ಪ್ರೀತಿಯ ಚಿನ್ನು,

ನಿನ್ನ ಮೂರು ಪತ್ರಗಳೂ ತಲುಪಿವೆ. ಮೂರಕ್ಕೂ ಸೇರಿಸಿ ಈಗ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನಾಲ್ಕು ವರ್ಷದ ಮೇಲೆ ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡಾಗ ಅಡುಗೆಮನೆಯಲ್ಲೇ ನಿಂತು ಒಡೆದು ಓದಿದ್ದೆ. ಬರೆಯಲು ಕೂತಾಗಲೆಲ್ಲ ಕೈ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು. ನೀವೆಲ್ಲ ಕ್ಷೇಮವೆಂದು ತಿಳಿದು ಸಮಾಧಾನವಾಯಿತು.

ನನ್ನ ಸಮಾಚಾರ ನನ್ನ ಮಗಳು ನಿನಗೆ ತಿಳಿಸಿದ್ದಾಳೆ. ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಕತ್ತಿನಲ್ಲಿ ಒಂದು ತೂತು, ಅದರಲ್ಲೇ ಉಸಿರು. ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಊರಿಗೆಲ್ಲ ಕೂಗಿ ಹೇಳಿದವಳು, ಈಗ ನೀರು ಬೇಕಾದರೆ ಸ್ಲೇಟು ಹುಡುಕುತ್ತೇನೆ. ನಿನ್ನ ಭಾವನಿಗೆ ಇನ್ನೂ ಅಭ್ಯಾಸವಾಗಿಲ್ಲ. ನಾನು ಮೂಗಿಯಾದೆ ಎಂದರೆ ಕಿವುಡಿಯೂ ಆದೆ ಎಂದುಕೊಂಡವರ ಹಾಗೆ ಮನೆ ಬಿದ್ದುಹೋಗುವಂತೆ ಕಿರುಚುತ್ತಾರೆ. ‘ನನ್ನ ಕಿವಿಗೆ ಆಪರೇಷನ್ ಆಗಿಲ್ಲ’ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. “ಹೌದಾ, ಸರಿ ಸರಿ!” ಅಂತ ಇನ್ನೂ ಜೋರಾಗಿ ಕಿರುಚಿದರು.

ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದೆ. ಮಗಳು ಒಂದು ದಿನ ಲ್ಯಾಬಿನ ಕೆಲಸ ಮುಗಿಸಿ ಬರುವಾಗ ಅಂಗೈ ಎರಡರ ಅಗಲದ ಒಂದು ಆಟದ ಯಂತ್ರ ತಂದಳು. ನಡುವೆ ಪರದೆ, ಎರಡೂ ಬದಿಗೆ ಗುಂಡಿಗಳು. “ಕಾರ್ ರೇಸ್ ಅಮ್ಮ. ತಲೆ ಕೆಡಿಸ್ಕೋಬೇಡ, ಬೆರಳಾದ್ರೂ ಆಡ್ಲಿ” ಅಂದಳು. ನನಗೋ ಸೈಕಲ್ ಕೂಡ ಬಾರದು. ಮೊದಲ ವಾರ ಯಂತ್ರದ ಕಾರುಗಳ ಜೊತೆ ಒಬ್ಬಳೇ ಆಡಿ, ಇದ್ದ ಬೇಲಿಗಳಿಗೆಲ್ಲ ಗುದ್ದಿದೆ. ನಿನ್ನ ಭಾವ ಹಿಂದೆ ನಿಂತು, “ಆ ಸ್ಪೀಡಲ್ಲಿ ತಿರುಗಿಸಿದ್ರೆ ನಿಜವಾದ ಗಾಡಿ ಪಲ್ಟಿ ಹೊಡೆದು ಗ್ಯಾರೇಜಿಗೆ ಬರುತ್ತೆ, ನಾನೇ ಎಷ್ಟು ರಿಪೇರಿ ಮಾಡಿಲ್ಲ!” ಎನ್ನುತ್ತಿದ್ದರು.

ಆಮೇಲೆ ಮಗಳು ಅದನ್ನು ಇಂಟರ್ನೆಟ್ಟಿಗೆ ಸೇರಿಸಿಕೊಟ್ಟಳು. ಎಲ್ಲೆಲ್ಲಿಯವರೋ ಹನ್ನೆರಡು ಜನ ಒಟ್ಟಿಗೆ ಓಡಿಸುವುದು. ‘ಆಟಗಾರರನ್ನು ಹುಡುಕಲಾಗುತ್ತಿದೆ’ ಎಂದು ಪರದೆಯ ಮೇಲೆ ಬರುತ್ತದೆ. ನಾಲ್ಕು, ಏಳು, ಹತ್ತು ಎಂದು ಸಂಖ್ಯೆ ಏರುವಾಗ ಎದೆ ಡವಗುಟ್ಟುತ್ತಿತ್ತು. ಹೆಸರು ಕೇಳಿತು, ‘ಮೂರನೇ ಪ್ಲಾಟ್‌ಫಾರ್ಮ್’ ಎಂದು ಕೊಟ್ಟೆ. ಮೊದಲ ರೇಸಿನಲ್ಲಿ ಹನ್ನೆರಡನೆಯವಳಾದೆ, ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ಹನ್ನೊಂದನೇ ಸ್ಥಾನ ಬಂತೆಂದು ಹಿಗ್ಗಿದರೆ, ಸೋಲುವ ಸಿಟ್ಟಿಗೆ ಒಬ್ಬ ನಡುವೆಯೇ ಬಿಟ್ಟುಹೋಗಿದ್ದನಂತೆ! ನೆಟ್‌ವರ್ಕ್ ಕೈಕೊಟ್ಟರೆ ಪಕ್ಕದ ಕಾರು ಮಾಯವಾಗಿ ಮುಂದಿನ ತಿರುವಿನಲ್ಲಿ ಏಳುತ್ತದೆ. ಕೊನೆಯ ಸುತ್ತಿನಲ್ಲಿ ಬೇಕೆಂದೇ ಗುದ್ದಿ ನಮ್ಮನ್ನು ಕೆರೆಗೆ ತಳ್ಳುವ ಪುಣ್ಯಾತ್ಮರೂ ಇದ್ದಾರೆ.

ಆದರೂ ನನಗೆ ಅದು ಹಿಡಿಸಿತು. ಯಾಕೆ ಗೊತ್ತಾ? ಅಲ್ಲಿ ಯಾರಿಗೂ ಬಾಯಿಲ್ಲ. ‘ಚೆನ್ನಾಗಿ ಓಡಿಸಿದಿರಿ’, ‘ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು’, ‘ಇನ್ನೊಂದು ರೇಸ್?’, ‘ಧನ್ಯವಾದ’ ಎಂಬಂಥ ಆರು ಸಿದ್ಧ ಮಾತುಗಳಿವೆ. ಬೇಕಾದ್ದನ್ನು ಒತ್ತಿದರೆ ಎಲ್ಲರಿಗೂ ಕಾಣುತ್ತದೆ. ಎಂಥ ಮಾತುಗಾರನಿಗೂ ಆರೇ, ನನಗೂ ಆರೇ. ಮನೆಯಲ್ಲಿ ಎಲ್ಲರೂ ನನ್ನ ಸ್ಲೇಟಿಗೆ ಕಾದು ನಿಲ್ಲುತ್ತಾರೆ. ಅಲ್ಲಿ ಯಾರೂ ಕಾಯಬೇಕಾಗಿರಲಿಲ್ಲ.

‘ಹಳದಿ ಹೆಲ್ಮೆಟ್’ ಎಂಬ ಹೆಸರಿನ ಒಬ್ಬರು ಅಲ್ಲೇ ಸಿಕ್ಕಿದ್ದು. ನಾನು ಕೆರೆಗೆ ಬಿದ್ದಿದ್ದಾಗ ಮುಂದೆ ಹೋಗದೆ ತಿರುವಿನಲ್ಲಿ ಕಾರು ನಿಲ್ಲಿಸಿ ಕಾದರು. ಸೋತು ಹೋದರು, ಮತ್ತೆ ‘ಇನ್ನೊಂದು ರೇಸ್?’ ಎಂದು ಒತ್ತಿದರು. ಮರುದಿನ ಸಂಜೆ ನಾಲ್ಕಕ್ಕೆ ಮತ್ತೆ ಬಂದರು. ಹೀಗೆ ಹತ್ತೊಂಬತ್ತು ದಿನ. ನಾಲ್ಕು ಗಂಟೆ ಹತ್ತಿರವಾದರೆ ನಾನು ತಲೆ ಬಾಚಿಕೊಂಡು ಕಿಟಕಿ ಪಕ್ಕ ಕೂರುತ್ತಿದ್ದೆ. ಯಾರು ನೋಡುತ್ತಾರೆಂದೋ! ಅವರ ಹಿಂದೆ ಹಿಂದೆಯೇ ಹೋಗಿ ತಿರುವು ಕಲಿತೆ. ಐದನೇ ಸ್ಥಾನದವರೆಗೂ ಬಂದೆ ಚಿನ್ನು.

ಇಪ್ಪತ್ತನೆಯ ದಿನ ಅವರು ನನ್ನನ್ನು ಆಟದೊಳಗಿನ ಬೇರೆ ಕೋಣೆಗೆ ಕರೆದರು. ಇಬ್ಬರೇ ಆಡುವ ಕೋಣೆ. ಅಲ್ಲಿ ಮಾತನಾಡಲು ಮೈಕ್ ಇರುತ್ತದೆಂದು, ಒಳಗೆ ಹೋದೊಡನೆ ತಾನೇ ತೆರೆದುಕೊಳ್ಳುತ್ತದೆಂದು ನನಗೆ ತಿಳಿದಿರಲಿಲ್ಲ.

“ಹಲೋ, ಮೂರನೇ ಪ್ಲಾಟ್‌ಫಾರ್ಮ್! ಕೇಳಿಸ್ತಾ?” ಹೆಂಗಸಿನ ದನಿ, ನಮ್ಮದೇ ವಯಸ್ಸಿರಬಹುದು. “ನೀವು ಹೆಂಗಸರೋ ಗಂಡಸರೋ ಅಂತ ನನಗೆ ದಿನಾ ಯೋಚ್ನೆ ನೋಡಿ. ಯಾವೂರು ನಿಮ್ದು?”

ನನಗೆ ಗಾಬರಿ, ಸಂತೋಷ ಎರಡೂ ಒಟ್ಟಿಗೆ ನುಗ್ಗಿದವು. ಹಾಗಾದಾಗ ಕತ್ತಿನ ತೂತಿನಲ್ಲಿ ಉಸಿರು ಗೊರಗೊರ ಎನ್ನುತ್ತದೆ. ಕಫ ಕಟ್ಟಿಕೊಂಡರೆ ಅದು ಇನ್ನೂ ಹೆಚ್ಚು. ಬಟ್ಟೆ ಒತ್ತಿ ಹಿಡಿದೆ. ಸದ್ದು ಇನ್ನೂ ಒರಟಾಯಿತು.

“ಯಾಕ್ರೀ ಹೀಗೆ ಉಸಿರು ಬಿಡ್ತಿದೀರಾ?” ಅವಳ ದನಿ ಬದಲಾಯಿತು. “ಮಾತಾಡಿ. ಏನಿದು? ಮಾತಾಡಿ ಅಂದೆ.”

ಏನಾದರೂ ಹೇಳಬೇಕಲ್ಲ! ಬೆರಳು ಆ ಆರು ಮಾತಿನಲ್ಲಿ ಒಂದನ್ನು ಒತ್ತಿತು. ‘ಧನ್ಯವಾದ.’

“ಛೀ, ಹೊಲಸು ಮುಂಡೇದೆ! ಇಷ್ಟು ದಿನ ಇದಕ್ಕೇನಾ ಹಿಂದೆ ಬಿದ್ದಿದ್ದು? ನಾಚ್ಕೆ ಆಗಲ್ವಾ?”

ಅಷ್ಟೇ. ಪರದೆ ಖಾಲಿಯಾಯಿತು. ಹುಡುಕಿದರೆ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ, ನನಗೆ ಕಾಣದಂತೆ ಮಾಡಿಬಿಟ್ಟಿದ್ದಳು. ನನ್ನನ್ನು ಯಾರೋ ಕೆಟ್ಟ ಗಂಡಸು ಎಂದುಕೊಂಡಳು. ಅವಳ ತಪ್ಪೇನಿದೆ ಹೇಳು? ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಬೈಯುತ್ತಿದ್ದೆ. ಚಹಾದ ಲೋಟ ಹಿಡಿದು ಬಂದ ನಿನ್ನ ಭಾವ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. ಲೋಟ ಪಕ್ಕದಲ್ಲಿಟ್ಟು, “ಹೋಗ್ಲಿ ಬಿಡೇ” ಅಂದರು. ಆಪರೇಷನ್ ಆದ ಮೇಲೆ ಅವರು ಕಿರುಚದೆ ಆಡಿದ ಮೊದಲ ಮಾತು ಅದು. ಅದಕ್ಕೇ ಅಳು ಬಂತು. ಅಳುವಾಗಲೂ ನನಗೆ ಸದ್ದಿಲ್ಲ.

ಬೇರೆ ಹೆಸರಿನಲ್ಲಿ ಹೋಗಿ ಅವಳನ್ನು ಹುಡುಕೋಣ, ಮೈಕಿನಲ್ಲಿ ನಾನೇ ಎಲ್ಲ ಹೇಳುತ್ತೇನೆ ಎಂದು ಮಗಳು ಎರಡು ದಿನ ಹಟ ಹಿಡಿದಳು. ನಾನು ಬೇಡವೆಂದೆ. ಯಂತ್ರವನ್ನು ಸೀರೆಗಳ ಕೆಳಗಿಟ್ಟಿದ್ದೇನೆ. ನಾಲ್ಕು ಗಂಟೆಗೆ ಈಗ ಪಾತ್ರೆ ತೊಳೆಯುತ್ತೇನೆ. ನೀರಿನ ಸದ್ದಿಗೆ ಹೊತ್ತು ಹೋಗುತ್ತದೆ. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಡಾಕ್ಟರು ಭರವಸೆಯ ಮಾತೇನೂ ಆಡಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ನೀನೂ ನಿನ್ನ ಮಗಳೂ ತಣ್ಣಗಿರಿ. ನನ್ನ ಆಯುಷ್ಯದಲ್ಲಿ ಉಳಿದದ್ದು ನಿಮಗೆ ಸೇರಲಿ.

ನಿನ್ನ
ಅಕ್ಕ

ಮರೆತಿದ್ದೆ ಎಂದು ಬರೆಯಹೊರಟೆ, ಮರೆತಿರಲಿಲ್ಲ: ಆಪರೇಷನ್‌ಗೆ ಮುಂಚೆ ಒಂದು ಫೋನಾದರೂ ಯಾಕೆ ಮಾಡಲಿಲ್ಲ ಎಂದು ಮೂರೂ ಪತ್ರಗಳಲ್ಲಿ ಕೇಳಿದ್ದೀಯ. ಮಾಡಿದ್ದೆ. ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ, ವಾರ್ಡಿನ ಮೇಜಿನ ಮೇಲಿದ್ದ ಫೋನಿನಿಂದ. ನಿನ್ನ ಮಗಳು ಗಂಡನ ಮನೆ ಬಿಟ್ಟು ಬಂದಾಗ ‘ನೀನೇ ಸಲುಗೆ ಕೊಟ್ಟು ಹಾಳು ಮಾಡಿದೆ’ ಎಂದು ಎಲ್ಲರೆದುರು ಅಂದೆನಲ್ಲ, ಅದಕ್ಕೆ ತಪ್ಪಾಯಿತೆಂದು ಬಾಯಲ್ಲೇ ಹೇಳಬೇಕೆಂದಿತ್ತು. ನೀನು ಎತ್ತಿದೆ. “ಹಲೋ, ಯಾರು?” ಅಂದೆ. ಎರಡು ಸಲ. ಹಿಂದೆ ನಿನ್ನ ಮಗಳು ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. ನನಗೆ ಆಗ ದನಿ ಇತ್ತು ಚಿನ್ನು. ಒಡೆದಿತ್ತು, ಆದರೆ ಇತ್ತು. ನಾಲಿಗೆಯೇ ಏಳಲಿಲ್ಲ. ಫೋನ್ ಇಟ್ಟದ್ದು ನೀನಲ್ಲ, ನಾನು.

ತಪ್ಪಾಯಿತು. ಇದನ್ನು ಅವಳಿಗೂ ಗಟ್ಟಿಯಾಗಿ ಓದಿ ಹೇಳು.